ಮುಚ್ಚಿಟ್ಟ ಸೌದೆ

ಹಸಿ ಸೌದೆ ಒಲೆಯಲ್ಲಿ ಸುಂಯ್‌ಗುಡುತ್ತಾ ನೊರೆ ಕಾರುವಾಗ ಒಂದು ಹುಳಿ ವಾಸನೆ ಏಳುತ್ತದೆ. ಚಿಕ್ಕಂದಿನಲ್ಲಿ ಆ ವಾಸನೆ ಬಂತೆಂದರೆ ಅಜ್ಜಿ ಕಣ್ಣೊರೆಸಿಕೊಳ್ಳುತ್ತಾ ಕಿಟಕಿ ತೆರೆಯುತ್ತಿದ್ದಳು. ಅರವತ್ತು ವರ್ಷದ ಮೇಲೆ ಅದೇ ವಾಸನೆ ನನ್ನ ಮನೆಯಲ್ಲೂ ಎದ್ದಿತು, ಅದೂ ನಮ್ಮವರು ಆಸ್ಪತ್ರೆಯಿಂದ ಬಂದ ದಿನವೇ. "ಚಳಿ ತಾಗಬಾರದು, ಹೊಗೆಯಂತೂ ಸೋಕಲೇಬಾರದು" ಎಂದು ಡಾಕ್ಟರು ಹೇಳಿ ಕಳಿಸಿದ್ದರು.

ಆ ಸೌದೆಯನ್ನು ಬೇಸಿಗೆಯ ಮೊದಲಲ್ಲಿ ಸೀಳಿ ಒಟ್ಟಿದ್ದು ನಮ್ಮವರೇ. ಅವರು ಹಾಸಿಗೆ ಹಿಡಿದ ಮೇಲೆ, ಒಂದು ಹನಿ ನೀರೂ ಒಳಗೆ ಹೋಗಬಾರದೆಂದು ನಾನು ಟಾರ್ಪಾಲನ್ನು ನೆಲದವರೆಗೂ ಎಳೆದು ಸುತ್ತ ಕಲ್ಲು ಹೇರಿದೆ. ಪಕ್ಕದ ಮನೆಯ ಬಡಗಿ ಬೇಲಿಯಾಚೆಯಿಂದ, "ಅಕ್ಕಾ, ಮೇಲೆ ಮಾತ್ರ ಮುಚ್ಚಿ, ಪಕ್ಕ ಬಿಡಿ. ಗಾಳಿ ಆಡ್ಲಿಲ್ಲ ಅಂದ್ರೆ ಒಳಗೇ ಬೆವರುತ್ತೆ" ಎಂದಿದ್ದರು.

"ನಿಮ್ಮ ಕಣ್ಣು ನಮ್ಮ ಸೌದೆ ಮೇಲ್ಯಾಕೆ?" ಎಂದುಬಿಟ್ಟಿದ್ದೆ. ಅವತ್ತಿನಿಂದ ಮಾತು ನಿಂತಿತ್ತು.

ಈಗ ಟಾರ್ಪಾಲು ಸರಿಸಿದರೆ ಬರೀ ಬೂಷ್ಟು. ಎರಡು ತುಂಡು ಬಡಿದು ನೋಡಿದೆ. ಒಣಗಿದ್ದರೆ ಠಣ್ ಎನ್ನಬೇಕಾದದ್ದು ದಬ್ ಎಂದಿತು.

ಒಳಗೆ ಕೆಮ್ಮು ಶುರುವಾಯಿತು. ಕಿಟಕಿ ತೆರೆದರೆ ಚಳಿ, ಮುಚ್ಚಿದರೆ ಹೊಗೆ. ಬೂದಿ ಸುರಿದು ಒಲೆ ಆರಿಸಿದೆ.

"ಯಾಕೆ, ನಾನು ಸೀಳಿದ್ದು ಸರಿಯಿಲ್ವಾ?"

"ಸೀಳಿದ್ದು ಚೆನ್ನಾಗಿದೆ. ಕೆಡಿಸಿದ್ದು ನಾನು."

"ಹಾಗಾದ್ರೆ ಕೋರ್ಟಿಗೆ ಹೋಗೋಣ ಬಿಡು" ಎಂದು ನಗಲು ಹೋಗಿ ಮತ್ತೆ ಕೆಮ್ಮಿದರು. ಉಗುರು ನೀಲಿಗಟ್ಟುತ್ತಿತ್ತು. ಎರಡು ಕಂಬಳಿ ಹೊದಿಸಿ, ಒಂದು ತುಂಡು ಹಿಡಿದು ಬಡಗಿಯ ಬಾಗಿಲು ತಟ್ಟಿದೆ.

ಅವರು ಅದನ್ನು ಕೈಯಲ್ಲೇ ತೂಗಿ ನೋಡಿದರು. "ಇದು ಮುಂದಿನ ಚಳಿಗಾಲಕ್ಕೆ, ಅಕ್ಕಾ."

"ನೀವು ಅವತ್ತೇ ಹೇಳಿದ್ರಿ. ನಾನು ಕೇಳಲಿಲ್ಲ."

"ನಮ್ಮನೇಲೇ ಯಾರೂ ಕೇಳಲ್ಲ, ನೀವೇನು ಮಹಾ!" ಎನ್ನುತ್ತಲೇ ಕೈಗಾಡಿ ಹೊರಗೆಳೆದರು. ಎರಡು ವರ್ಷ ಒಣಗಿದ ಅವರದೇ ಸೌದೆ. ಕೊಟ್ಟಿಗೆಯಲ್ಲಿ ಉಳಿದದ್ದು ಅರ್ಧ ಗೋಡೆಯಷ್ಟೂ ಇರಲಿಲ್ಲ. ನಾನು ಅದನ್ನು ನೋಡಿದ್ದನ್ನು ಕಂಡು, ಬಾಗಿಲು ಮುಂದಕ್ಕೆಳೆದರು.

ನಮ್ಮ ಒಲೆಯನ್ನು ಅವರೇ ಹೊತ್ತಿಸಿದರು. ಹೊಗೆಯಿಲ್ಲದ ಉರಿ. ಕೋಣೆ ಬೆಚ್ಚಗಾದರೂ ಕೆಮ್ಮು ನಿಲ್ಲಲಿಲ್ಲ, ಸ್ವಲ್ಪ ಇಳಿಯಿತು ಅಷ್ಟೇ. ಪ್ರತಿ ಕೆಮ್ಮಿಗೂ ನಾನು ನಮ್ಮವರ ಉಗುರು ನೋಡುತ್ತಿದ್ದೆ.

ಬಾಗಿಲಲ್ಲಿ ಬಡಗಿಯ ಹೆಂಡತಿ ನಿಂತಿದ್ದಳು. ಬೆಳಗಿನಿಂದ ನಾನು ಏನೂ ತಿಂದಿರಲಿಲ್ಲ, ಯಾರಿಗೂ ಹೇಳಿಯೂ ಇರಲಿಲ್ಲ. ಅವಳು ಶಾಲಿನೊಳಗಿಂದ ಬಿಸಿ ಡಬ್ಬಿಯೊಂದನ್ನು ತೆಗೆದು ನನ್ನ ಕೈಗಿಟ್ಟಳು. ಇಬ್ಬರ ಊಟದಷ್ಟು ಭಾರವಿತ್ತು.