ತಿಕ್ಕಿದ ಬೆಳ್ಳಿ

ಹಾರ್ಲಿಂಗನ್ ಬಂದರಿನಲ್ಲಿ ಸಿಬ್ರನ್ ಹೂಕೆಮಾ ಹಲ್ಲಿನ ಡಾಕ್ಟರಾಗಿದ್ದವನು. ಊರಿನ ಅರ್ಧದಷ್ಟು ಬಾಯಿಗಳಲ್ಲಿ ಅವನ ಕೈ ಆಡಿತ್ತು. ಆದರೆ ಫ್ರೀಸ್‌ಲ್ಯಾಂಡ್ ಪ್ರಾಂತ್ಯದ ಉದ್ದಗಲಕ್ಕೂ ಅವನ ಹೆಸರು ಓಡಾಡುತ್ತಿದ್ದದ್ದು ಹಲ್ಲಿನಿಂದಲ್ಲ, ಹಳೆಯ ಬೆಳ್ಳಿ ನಾಣ್ಯಗಳಿಂದ. ಕುದುರೆ ಸವಾರನ ದೊಡ್ಡ ನಾಣ್ಯಗಳು, ಸಿಂಹದ ಮುದ್ರೆಯ ಹಳೆಯ ಗಿಲ್ಡರುಗಳು ಅವನ ಓಕ್ ಮರದ ಬೀರುವಿನಲ್ಲಿ ಮಲಗಿದ್ದವು. ನೂರಾರು ವರ್ಷಗಳ ಗಾಳಿ ಕುಡಿದು ಅವುಗಳ ಮೈಗೆ ಕಪ್ಪು, ನೀಲಿ, ಜೇನಿನ ಬಣ್ಣಗಳು ಹತ್ತಿದ್ದವು. ನಾಣ್ಯ ಕೂಡಿಸುವವರಿಗೆ ಆ ಬಣ್ಣವೇ ಬೆಲೆ; ಅದಕ್ಕೆ ಬಟ್ಟೆಯ ತುದಿಯನ್ನೂ ಅವನು ಸೋಕಿಸಿದವನಲ್ಲ.

ಯಾರಾದರೂ ತಿಕ್ಕಿ ಹೊಳೆಯಿಸಿದ ನಾಣ್ಯ ತಂದರೆ, ಕಿಟಕಿಯ ಬೆಳಕಿಗೆ ಹಿಡಿದು ಒಮ್ಮೆ ಹೊರಳಿಸಿದರೆ ಸಾಕು, ಅವನಿಗೆ ತಿಳಿದುಬಿಡುತ್ತಿತ್ತು. ಯಾರೂ ಕೈಹಚ್ಚದ ನಾಣ್ಯವನ್ನು ಹೊರಳಿಸಿದರೆ ಅದರ ಮೇಲೆ ಬೆಳಕು ಗಾಲಿಯ ಹಾಗೆ ಸುತ್ತುತ್ತದೆ. ತಿಕ್ಕಿದ್ದರ ಮೇಲೆ ಬೆಳಕು ತಗಡಿಗೆ ಬಿದ್ದಂತೆ ಬಿದ್ದಲ್ಲೇ ಬಿದ್ದಿರುತ್ತದೆ. ಭೂತಕನ್ನಡಿಯಲ್ಲಿ ನೋಡಿದರೆ ಕೂದಲೆಳೆಯಂಥ ಗೀರುಗಳು. ಬ್ರಷ್ಷು ತಲುಪದ ಅಕ್ಷರಗಳ ಸಂದಿಯಲ್ಲಿ ಮಾತ್ರ ಹಳೆಯ ಕಪ್ಪು. “ಹಲ್ಲು ತಿಕ್ಕಿದ್ರೆ ಉಳಿಯುತ್ತೆ, ನಾಣ್ಯ ತಿಕ್ಕಿದ್ರೆ ಸಾಯುತ್ತೆ” ಎನ್ನುತ್ತಿದ್ದ.

ಅವನ ನಾಲಿಗೆಗೆ ಕರುಣೆ ಕಡಿಮೆ. ಲೇವಾರ್ಡನ್ ಪಟ್ಟಣದ ಕಾಫಿ ಅಂಗಡಿಯೊಂದರ ಹಿಂದಿನ ಕೋಣೆಯಲ್ಲಿ ನಾಣ್ಯದ ಬಳಗ ಸೇರುತ್ತಿತ್ತು. ಒಮ್ಮೆ ಅಲ್ಲಿಗೆ ಶಾಲೆಯ ಮೇಷ್ಟ್ರೊಬ್ಬ ತನ್ನ ಅಜ್ಜನ ನಾಣ್ಯಗಳನ್ನು ಫಳಫಳ ಹೊಳೆಯಿಸಿಕೊಂಡು ಬಂದ. ಸಿಬ್ರನ್ ಒಂದನ್ನು ಎತ್ತಿ ನೋಡಿ, “ನಿಮ್ಮಜ್ಜ ಬಿಟ್ಟು ಹೋಗಿದ್ದು ನಾಣ್ಯ. ನೀವು ತಂದಿರೋದು ಅಂಗಿ ಗುಂಡಿ” ಎಂದ. ಕೋಣೆಯೆಲ್ಲ ನಕ್ಕಿತು. ಮೇಷ್ಟ್ರು ಮತ್ತೆ ಆ ಕಡೆ ತಲೆ ಹಾಕಲಿಲ್ಲ. ಅಷ್ಟು ಒರಟಾಗಿ ಆಡಬಾರದಿತ್ತು ಎಂದು ಹೆಂಡತಿ ಹಿಸ್ಕೆ ಮನೆಗೆ ಮರಳುವ ದಾರಿಯುದ್ದಕ್ಕೂ ಹೇಳಿದಳು. ಗೊತ್ತಿಲ್ಲದೆ ಮಾಡಿದವರನ್ನು ದೇವರು ಬೇಕಾದರೆ ಕ್ಷಮಿಸಲಿ, ತಾನು ದೇವರಲ್ಲ ಎಂದು ಅವನು ಕಾರು ಓಡಿಸುತ್ತಲೇ ಉತ್ತರ ಕೊಟ್ಟ.

ದವಾಖಾನೆ ಮುಚ್ಚಿ ನಿವೃತ್ತನಾದ ಕೆಲವು ವರ್ಷಗಳ ಮೇಲೆ, ಗೆಳೆಯ ವಿಟ್ಸೆ ಒಂದು ಬೆಳಿಗ್ಗೆ ಮನೆಗೆ ಬಂದ. ಸಿಬ್ರನ್ ಸಮುದ್ರದ ಕಟ್ಟೆಯ ಮೇಲೆ ಅಡ್ಡಾಡಲು ಹೋಗಿರುವ ಹೊತ್ತನ್ನು ನೋಡಿಕೊಂಡೇ ಬಂದಿದ್ದ. ಕಾಫಿ ಲೋಟವನ್ನು ಅತ್ತಿತ್ತ ತಿರುಗಿಸುತ್ತ, ಬಳಗದಲ್ಲಿ ಸಿಬ್ರನ್ ಒಂದು ನಾಣ್ಯವನ್ನು ಒಳ್ಳೆಯದೆಂದು ಹೊಗಳಿದ್ದನ್ನು ಹೇಳಿದ. ಕುರುಡನಿಗೂ ತಿಳಿಯುವಂತೆ ತಿಕ್ಕಿದ ನಾಣ್ಯ ಅದು. ಎಲ್ಲರೂ ಮುಖ ಮುಖ ನೋಡಿಕೊಂಡರಂತೆ. ಹಿಸ್ಕೆಗೆ ಸಿಟ್ಟು ಬಂತು. ವಯಸ್ಸಾದ ಮೇಲೆ ಕಣ್ಣು ಮಂಜಾಗುವುದಿಲ್ಲವೇ, ಇದನ್ನು ಹೇಳಲು ಇಷ್ಟು ದೂರ ಬರಬೇಕಿತ್ತೇ ಎಂದು ಕೇಳಿದಳು. ವಿಟ್ಸೆ ಕಾಫಿ ಮುಗಿಸದೆ ಎದ್ದು ಹೋದ.

ಅವಳ ಸಿಟ್ಟಿಗೆ ಕಾರಣವಿತ್ತು. ಅವನು ಕೀಲಿಕೈಯನ್ನು ಬೆಣ್ಣೆಯ ಡಬ್ಬಿಯಲ್ಲಿಟ್ಟದ್ದು, ಸತ್ತುಹೋದ ತಮ್ಮನಿಗೆ ಫೋನು ಮಾಡಲು ಹೊರಟದ್ದು ಅವಳೊಬ್ಬಳಿಗೇ ಗೊತ್ತಿತ್ತು. ಬೇರೆಯವರ ಬಾಯಲ್ಲಿ ಬಂದರೆ ಅದು ನಿಜವಾಗಿಬಿಡುತ್ತದೆಂಬ ಹೆದರಿಕೆ.

ಒಂದು ಭಾನುವಾರ ಅವಳು ಚರ್ಚಿನಿಂದ ಬಂದಾಗ ಅಡುಗೆಮನೆಯಲ್ಲಿ ನೀರಿನ ಸದ್ದು ಕೇಳಿಸಿತು. ಸಿಬ್ರನ್ ತನ್ನ ಹಳೆಯ ಬಿಳಿ ಕೋಟು ತೊಟ್ಟು ಪಾತ್ರೆ ತೊಳೆಯುವ ತೊಟ್ಟಿಯ ಮುಂದೆ ನಿಂತಿದ್ದ. ಕೈಯಲ್ಲಿ ಗಡಸು ಬ್ರಷ್ಷು, ಪಕ್ಕದಲ್ಲಿ ಹಿಂಡಿದ ಟೂತ್‌ಪೇಸ್ಟು. ಬೀರುವಿನ ಖಾನೆಗಳು ಮೇಜಿನ ಮೇಲೆ ಬರಿದಾಗಿದ್ದವು. ಟವೆಲ್ಲಿನ ಮೇಲೆ ಸಾಲಾಗಿ ನಾಣ್ಯಗಳು, ಎಲ್ಲವೂ ಬೆಳ್ಳಗೆ, ಹೊಸ ಚಮಚಗಳ ಹಾಗೆ.

ಅವನು ತಿರುಗಿ ನೋಡಿ ನಕ್ಕ. ಎಷ್ಟೋ ತಿಂಗಳಿಂದ ಅವನ ಮುಖದಲ್ಲಿ ಅಂಥ ನೆಮ್ಮದಿ ಅವಳು ಕಂಡಿರಲಿಲ್ಲ.

“ನೋಡು, ಎಷ್ಟು ಕೊಳೆ ಕಟ್ಟಿತ್ತು. ಪಾಪ, ಇವರಿಗೆ ತಿಕ್ಕೋದನ್ನ ಯಾರೂ ಹೇಳಿಕೊಟ್ಟಿಲ್ಲ” ಎಂದ.

ಕೂಗಾಡಿ ಏನು ಪ್ರಯೋಜನ? ಕೊನೆಯ ನಾಣ್ಯವೂ ಅವನ ಬೆರಳುಗಳ ನಡುವೆ ನೊರೆಯಾಗುತ್ತಿತ್ತು. ಹಿಸ್ಕೆ ಟೋಪಿ ತೆಗೆದಿಟ್ಟು, ಒಣ ಬಟ್ಟೆ ತಂದು, ಅವನ ಪಕ್ಕ ನಿಂತು ಒಂದೊಂದನ್ನೇ ಒರೆಸಿದಳು. ಒರೆಸಿದರೂ ಇನ್ನು ಕೆಡಲು ಅವುಗಳಲ್ಲಿ ಏನೂ ಉಳಿದಿರಲಿಲ್ಲ.

ಆಮೇಲೆ ಆಸ್ಪತ್ರೆ, ತಲೆಯ ಸ್ಕ್ಯಾನ್ ಚಿತ್ರಗಳು. ಮೃದುವಾಗಿ ಮಾತಾಡುವ ಡಾಕ್ಟರೊಬ್ಬಳು ಕಾಯಿಲೆಯ ಹೆಸರು ಹೇಳಿದಳು. ಹಿಸ್ಕೆ ನಾಣ್ಯಗಳನ್ನು ಬೀರುವಿನಲ್ಲಿಟ್ಟು ಬೀಗ ಹಾಕಿ ಕೀಲಿಯನ್ನು ಬಟ್ಟೆಗಳ ಅಡಿಯಲ್ಲಿ ಅಡಗಿಸಿದಳು.

ಮೋಡ ಹರಿದ ಹಾಗೆ ಅವನ ತಲೆ ತಿಳಿಯಾಗುವ ದಿನಗಳೂ ಇದ್ದವು. ವಸಂತದ ಅಂಥದೊಂದು ಬೆಳಿಗ್ಗೆ ರೈ ಬ್ರೆಡ್ಡಿಗೆ ಬೆಣ್ಣೆ ಸವರುತ್ತ ಅವನು ಕೀಲಿ ಕೇಳಿದ. ಕಳೆದಿದೆ ಎಂದಳು. ಅವನು ನಂಬಲಿಲ್ಲ, ಹಟ ಹಿಡಿದ, ಗದರಿದ, ಕೊನೆಗೆ ಬೀರು ಒಡೆಯಲು ಸುತ್ತಿಗೆ ತಂದ. ಅವಳು ಕೀಲಿ ಕೊಟ್ಟಳು.

ಅವನು ಖಾನೆ ಎಳೆದ. ಮೊದಲನೆಯ ನಾಣ್ಯವನ್ನು ಅಂಚಿನಲ್ಲಿ ಹಿಡಿದು ಕಿಟಕಿಗೆ ಒಡ್ಡಿ ಹೊರಳಿಸಿದ. ಇನ್ನೊಂದು. ಮತ್ತೊಂದು. ಭೂತಕನ್ನಡಿ ಕಣ್ಣಿಗೊತ್ತಿಕೊಂಡ.

“ಟೂತ್‌ಪೇಸ್ಟು” ಎಂದ. ದನಿ ಹಳೆಯ ಸಿಬ್ರನ್‌ನದೇ. “ಗಡಸು ಬ್ರಷ್ಷು. ಅಕ್ಷರದ ಸಂದೀಲಿ ಬಿಳಿ ಪುಡಿ ಇನ್ನೂ ಕೂತಿದೆ. ಗೀರು ನೆಟ್ಟಗಿಲ್ಲ, ಸಣ್ಣ ಸಣ್ಣ ಸುತ್ತು. ಯಾರೋ ಒಂದೇ ಅಳತೇಲಿ ಸುತ್ತು ಹಾಕಿದಾರೆ. ದವಡೆ ಹಲ್ಲು ತಿಕ್ಕೋ ಹಾಗೆ…”

ಅವನು ಕನ್ನಡಿ ಇಳಿಸಿ ತನ್ನ ಬಲಗೈಯನ್ನು ನೋಡಿಕೊಂಡ. ಆ ಕೈಯ ಬೆರಳುಗಳು ಗಾಳಿಯಲ್ಲಿ ಸಣ್ಣಗೆ ಸುತ್ತತೊಡಗಿದ್ದವು.

“ನಾನೇ ತಿಕ್ಕಿದ್ದು” ಎಂದಳು ಹಿಸ್ಕೆ.

ಅವನ ಕೈ ನಿಂತಿತು.

“ನೀನು ಆಸ್ಪತ್ರೇಲಿದ್ದಾಗ. ಚೊಕ್ಕಟವಾಗಿದ್ರೆ ನಿನಗೆ ಖುಷಿಯಾಗುತ್ತೆ ಅನ್ಕೊಂಡೆ.”

ಸಿಬ್ರನ್ ಅವಳನ್ನು ದಿಟ್ಟಿಸಿದ. ಅವನ ಮುಖದಲ್ಲಿ ಕವಿಯುತ್ತಿದ್ದ ಭಯ ಸರಿದು ಆ ಜಾಗಕ್ಕೆ ಸಿಟ್ಟು ಬಂದದ್ದನ್ನು ಅವಳು ಕಂಡಳು. ಒಳಗೊಳಗೇ ಉಸಿರು ಬಿಟ್ಟಳು.

“ಇಷ್ಟು ವರ್ಷ ನನ್ನ ಜೊತೆ ಬಾಳಿ” ಎಂದ ಮೆಲ್ಲಗೆ. “ಆ ಮೇಷ್ಟ್ರಿಗಾದ್ರೂ ಗೊತ್ತಿರ್ಲಿಲ್ಲ. ನಿನಗೆ ಗೊತ್ತಿತ್ತು. ಇದಕ್ಕಿಂತ ನನ್ನ ಕಣ್ಣು ಕಿತ್ತಿದ್ರೆ ಆಗ್ತಿತ್ತು.”

ಆ ದಿನವೇ ಬಳಗದವರಿಗೆಲ್ಲ ಫೋನು ಮಾಡಿ ಹೇಳಿದ. ಹೆಂಗಸರು ಅಂಗಡಿಯಲ್ಲಿ ಹಿಸ್ಕೆಯನ್ನು ಕಂಡರೆ ಮಾತು ತಗ್ಗಿಸತೊಡಗಿದರು. ವಿಟ್ಸೆ ಮಾತ್ರ ಬಂದು ಒಂದು ನಾಣ್ಯ ಎತ್ತಿ ನೋಡಿದ. ಸಿಬ್ರನ್‌ನ ಕುರ್ಚಿಯಲ್ಲಿ ಬಾಯಿ ತೆರೆದು ಕೂತು ಎದ್ದವನು ಅವನು. ಆ ಸುತ್ತು ಅವನಿಗೆ ಗೊತ್ತಿತ್ತು.

“ಇದು ನಿನ್ನ ಕೈಯಲ್ಲ, ಹಿಸ್ಕೆ. ಅವನಿಗೆ ಹೇಳಿಬಿಡು.”

“ಹೇಳಿದ್ರೆ ನಾಳೆ ಮರೀತಾನೆ. ನಾಡಿದ್ದು ಮತ್ತೆ ಬೀರು ತೆಗೀತಾನೆ, ಮತ್ತೆ ಕೇಳ್ತಾನೆ. ನೀನೇ ಮಾಡಿದ್ದು, ನಿನ್ನ ತಲೆ ಕೆಟ್ಟಿದೆ ಅಂತ ಎಷ್ಟು ಸಲ ಹೇಳ್ಲಿ? ನನ್ನನ್ನ ಬೈದ್ರೆ ಅವನು ಗಟ್ಟಿಯಾಗಿರ್ತಾನೆ. ನೀನು ಬಾಯಿ ಮುಚ್ಕೊಂಡಿರು.”

ಆದರೆ ಕಾಯಿಲೆ ಅವಳು ಎಣಿಸಿದಂತೆ ನಡೆಯಲಿಲ್ಲ. ಅದು ಊರಿನ ಹೆಸರು ತಿಂದಿತು, ತಿಂಗಳುಗಳನ್ನು ತಿಂದಿತು, ಕೊನೆಗೆ ಅವಳ ಹೆಸರನ್ನೂ ನುಂಗಿತು. ಆ ಸಿಟ್ಟೊಂದನ್ನು ಮಾತ್ರ ಮುಟ್ಟಲಿಲ್ಲ. ಆರೈಕೆ ಮನೆಗೆ ಸೇರಿಸಿದ ಮೇಲೆ ಅವಳು ಬಾಗಿಲಲ್ಲಿ ಕಾಣಿಸಿದರೆ ಸಾಕು, ಎಲ್ಲ ಹಾಳು ಮಾಡಿದ ಹೆಂಗಸು ಬಂದಳೆಂದು ಹೊದಿಕೆಯನ್ನು ಕತ್ತಿನವರೆಗೆ ಎಳೆದುಕೊಳ್ಳುತ್ತಿದ್ದ. ಅವಳು ಎತ್ತಿದ ಚಮಚವನ್ನು ಕೈಯಿಂದ ಬಡಿದು ಬೀಳಿಸಿದ. ಆಗ ನಿಜ ಹೇಳಿದರೂ ಅದನ್ನು ಕೇಳಿಸಿಕೊಳ್ಳಬಲ್ಲ ಸಿಬ್ರನ್ ಉಳಿದಿರಲಿಲ್ಲ.

ಅವಳು ಮನೆಯಲ್ಲಿ ಬಟಾಣಿ ಸೂಪು ಕಾಯಿಸಿ ಬಸ್ಸಿನಲ್ಲಿ ತರುವುದು, ನರ್ಸು ಅದನ್ನು ಒಳಗೆ ಉಣಿಸುವುದು, ಅವಳು ಹೊರಗಿನ ಕುರ್ಚಿಯಲ್ಲಿ ಕೂತು ಚಮಚದ ಸದ್ದು ಕೇಳುವುದು ರೂಢಿಯಾಯಿತು. ಚಳಿಗಾಲದ ಒಂದು ಮಧ್ಯಾಹ್ನ ಅವನು ಈ ಸೂಪು ಮಾಡುವವರು ಯಾರೆಂದು ಕೇಳಿದ್ದು ಅವಳ ಕಿವಿಗೆ ಬಿತ್ತು. ನಿಮ್ಮ ಹೆಂಡತಿ ಎಂದಳು ನರ್ಸು.

“ನನ್ನ ಹೆಂಡತಿ ಬಹಳ ಒಳ್ಳೆಯವಳು” ಎಂದ ಸಿಬ್ರನ್. “ಆ ಹೊರಗೆ ಕೂತಿರೋ ಹೆಂಗಸನ್ನ ಮಾತ್ರ ಅವಳ ಹತ್ರ ಬಿಡಬೇಡಿ.”

ನರ್ಸು ಪಾತ್ರೆ ತಂದುಕೊಟ್ಟು, ಪೂರಾ ಉಂಡರು ಎಂದಳು. ಹಿಸ್ಕೆ ತಲೆಯಾಡಿಸಿ ಮುಚ್ಚಳ ಬಿಗಿದಳು.

ಫೆಬ್ರವರಿಯಲ್ಲಿ ಅವನು ಹೋದ. ಉಸಿರು ನಿಂತದ್ದನ್ನು ಖಚಿತಪಡಿಸಿಕೊಂಡ ಮೇಲೆ ನರ್ಸು ಹೊರಗೆ ಬಂದು, ಇನ್ನು ನೀವು ಒಳಗೆ ಬರಬಹುದು ಎಂದಳು.