ಸೀಸದಕಡ್ಡಿಯ ದಾರಿ

ಶಾನುಭೋಗ ವೆಂಕಟಸುಬ್ಬಯ್ಯನವರ ಸೀಸದಕಡ್ಡಿ ನನ್ನ ಕಿರುಬೆರಳಿಗಿಂತ ಗಿಡ್ಡ. ಆದರೂ ಅಜ್ಜಂಪುರ ಹೋಬಳಿಯ ಅರ್ಧ ಭೂಮಿ ಅದರ ತುದಿಯಲ್ಲೇ ಕುಳಿತಿತ್ತು. ಸರ್ಕಾರ ಅವರ ಕೆಲಸಕ್ಕೆ ಏನೋ ಇಂಗ್ಲಿಷ್ ಹೆಸರಿಟ್ಟು ಎಷ್ಟೋ ವರ್ಷವಾಗಿತ್ತು. ನಮ್ಮ ಬಾಯಿಗೆ ಮಾತ್ರ ಅವರು ಶಾನುಭೋಗರೇ.

ಅವರದೊಂದು ಪದ್ಧತಿ. ಅಮಲ್ದಾರರು ಒಪ್ಪುವವರೆಗೆ ಎಲ್ಲವನ್ನೂ ಸೀಸದಕಡ್ಡಿಯಲ್ಲಿ ಬರೆಯುವುದು. ಒಪ್ಪಿ ರುಜು ಹಾಕಿದ ಮೇಲೆ ಅದರ ಮೇಲೆಯೇ ಶಾಯಿ ತಿದ್ದಿ, ಸಂಬಂಧಪಟ್ಟ ಹಾಳೆಗಳನ್ನೆಲ್ಲ ಒಂದೇ ದಾರದಲ್ಲಿ ಕಟ್ಟಿ, ಗಂಟಿನ ಮೇಲೆ ಅರಗು ಸುರಿಯುವುದು. ಅರಗು ಬಿದ್ದ ಮೇಲೆ ಬ್ರಹ್ಮನೇ ಬಂದರೂ ಒಂದು ಕೊಂಬು ತಿದ್ದುವಂತಿಲ್ಲ.

ಎಪ್ಪತ್ತಾರನೇ ಇಸವಿಯಲ್ಲಿ ನಮ್ಮ ಜಮೀನು ಪಾಲಾಯಿತು. ನನ್ನ ಗಂಡ ಸಣ್ಣಬೀರಪ್ಪ ತೀರಿಕೊಂಡ ವರ್ಷವೇ ಅವರ ತಮ್ಮ ಚಿಕ್ಕಬೀರಪ್ಪನೂ ಹೋದ. ಬದುಕಿದ್ದಾಗ ಬೀರೂರು ಸಂತೆಗೂ ಅವರು ಹಾಗೇ, ಒಬ್ಬರ ಹಿಂದೊಬ್ಬರು. ಉಳಿದವರು ನಾನು ಮತ್ತು ವಾರಗಿತ್ತಿ ಕರಿಬಸಮ್ಮ. ಬಾವಿ ನನ್ನ ಪಾಲಿಗೆ ಬಂತು. ಅವಳ ಮನೆ ಹೊಲದಾಚೆ. ಅವಳು ನೀರಿಗೆ ಬರಲು ನನ್ನ ಬದುವಿನ ಮೇಲೆ ನಾಲ್ಕು ಅಡಿ ದಾರಿ ಎಂದು ಶಾನುಭೋಗರು ನನ್ನ ಹಾಳೆಯಲ್ಲಿ ಬರೆದರು. ಸೀಸದಕಡ್ಡಿಯಲ್ಲಿ.

ಆ ವಾರವೇ ಬಾವಿಕಟ್ಟೆಯ ಮೇಲೆ ಹತ್ತು ಜನರ ಮುಂದೆ ಕರಿಬಸಮ್ಮ ನನ್ನನ್ನು ಆಡಿಕೊಂಡಳು.

"ನಮ್ಮಕ್ಕ ಬೆಳೆದ ಈರುಳ್ಳಿ ಎತ್ತಾಕೆ ಎರಡು ಜೊತೆ ಎತ್ತು ಬೇಕಂತೆ ಕಣ್ರೇ! ಸಿಪ್ಪೆ ಸುಲಿದ್ರೆ ಅದನ್ನೇ ಸೀರೆ ಮಾಡಿ ಉಡ್ಬೋದಂತೆ!"

ಮಾತೇನೋ ನನ್ನದೇ. ಹಿಂದಿನ ದಿನ ನಾನೇ ಹೇಳಿದ್ದೆ. ಆದರೆ ನಾನು ಹೇಳುವುದು ಬೇರೆ, ಅವಳು ಹೇಳಿ ನಗಿಸುವುದು ಬೇರೆ. ಊರನ್ನೆಲ್ಲ ರೇಗಿಸಿಕೊಂಡು ಬದುಕಿದವಳು ನಾನು. ನನ್ನನ್ನೇ ಯಾರಾದರೂ ರೇಗಿಸುತ್ತಾರೆಂದು ಕನಸಲ್ಲೂ ಎಣಿಸಿರಲಿಲ್ಲ. ನೇರ ಶಾನುಭೋಗರ ಜಗಲಿಗೆ ಹೋದೆ.

"ನನ್ ಹಾಳೇಲಿರೋ ದಾರಿ ತೆಗೀರಿ ಸ್ವಾಮಿ."

"ಕರಿಬಸಮ್ಮಂಗೆ ಹೇಳಿದ್ಯೇನಮ್ಮ?"

"ನನ್ ಬದು. ನನ್ ಇಷ್ಟ."

ಅವರು ರಬ್ಬರು ಹಿಡಿದು ಉಜ್ಜಿದರು. ಪುಡಿಯನ್ನು ಊದಿ, "ಗುರುವಾರ ಅಮಲ್ದಾರ್ರು ಅಜ್ಜಂಪುರಕ್ಕೆ ಬರ್ತಾರೆ. ಅಷ್ಟರೊಳಗೆ ಮನಸ್ಸು ಬದಲಾದ್ರೆ ಬಾರಮ್ಮ. ಆಮೇಲೆ ನನ್ ಕೈಲಿಲ್ಲ" ಎಂದರು.

ಗುರುವಾರ ಮಧ್ಯಾಹ್ನ ಉಂಡು ಮಲಗಿದ್ದೆ. ಬಾವಿ ಎದ್ದು ನಿಂತಿತು. ಕಲ್ಲಿನ ಕಟ್ಟೆಯನ್ನು ಸೀರೆಯ ನೆರಿಗೆಯ ಹಾಗೆ ಎತ್ತಿ ಹಿಡಿದು, ನೀರು ತುಳುಕದಂತೆ ಮೆಲ್ಲಗೆ ಬದುವಿನ ಮೇಲೆ ನಡೆಯತೊಡಗಿತು. ತಲೆಯ ಮೇಲೆ ರಾಟೆ ಕಿರ್ರೋ ಕಿರ್ರೋ ಎನ್ನುತ್ತಿತ್ತು. ಅರ್ಧಕ್ಕೆ ಬಂದಾಗ ಮುಂದಿನ ಬದುವೇ ಇಲ್ಲ; ಉಜ್ಜಿದ ಕಾಗದದಂತೆ ಬೆಳ್ಳಗಿದೆ. ಬಾವಿ ಅಲ್ಲೇ ನಿಂತು ನನ್ನ ಕಡೆ ತಿರುಗಿತು. ಅದರೊಳಗೆ ಇಣುಕಿದರೆ ಕೆಳಗೆ ನೀರಿನಲ್ಲಿ ಅಣ್ಣತಮ್ಮಂದಿರಿಬ್ಬರೂ ಕುಳಿತು ಒಂದೇ ತಂಬಿಗೆಯಲ್ಲಿ ನೀರು ಕುಡಿಯುತ್ತಿದ್ದರು. ನನ್ನ ಗಂಡ ತಲೆಯೆತ್ತಿ, "ಏನೇ ಕಾಂತಿ, ದಾರಿ ಎಲ್ಲಿಟ್ಟೆ?" ಎಂದರು. ಹೊಲದಲ್ಲಿ ಏನೋ ಬಿಟ್ಟುಬಂದವಳನ್ನು ಕೇಳುವಂತೆ, ಕೋಪವೇ ಇಲ್ಲದೆ.

ಎದ್ದವಳೇ ಬಸ್ಸಿಗೆ ಓಡಿದೆ. ಆ ಬಸ್ಸನ್ನು ಬಸವನಹುಳು ಎರಡು ಸಲ ಹಿಂದೆ ಹಾಕಿತು.

ಕಚೇರಿಯ ಬಾಗಿಲಲ್ಲಿ ಕರಿಬಸಮ್ಮ ಹೆಬ್ಬೆಟ್ಟಿನ ಮಸಿ ಒರೆಸಿಕೊಳ್ಳುತ್ತಿದ್ದಳು. ಒಳಗೆ ಅಮಲ್ದಾರರು ಅವಳ ಹಾಳೆಗೆ ಆಗಷ್ಟೇ ರುಜು ಹಾಕಿದ್ದರು. ನನ್ನದಕ್ಕೆ ಇನ್ನೂ ಹಾಕಿರಲಿಲ್ಲ. ನನಗೆ ಹೋದ ಜೀವ ಬಂತು.

"ನಂದು ಇನ್ನೂ ಸೀಸದಕಡ್ಡೀಲೇ ಐತಲ್ಲ ಸ್ವಾಮಿ, ದಾರಿ ಬರ್ದುಬಿಡಿ."

ಶಾನುಭೋಗರು ತಲೆಯಾಡಿಸಿದರು. "ಎರಡು ಹಾಳೆಗೂ ನಕ್ಷೆ ಒಂದೇ ಕಣಮ್ಮ. ಅವಳದು ಒಪ್ಪಿಗೆ ಆಯ್ತು, ನಕ್ಷೆ ಮುಚ್ಚಿಹೋಯ್ತು. ನಕ್ಷೆ ಮುಚ್ಚಿದ ಮೇಲೆ ನಿಂದೂ ಮುಚ್ಚಿದ ಹಾಗೇ. ಒಂದೇ ನೊಗದ ಜೋಡಿ. ಒಂದನ್ನ ಕಟ್ಟಾಕಿದ್ರೆ ಇನ್ನೊಂದು ಎಲ್ಲಿಗೆ ಹೋದೀತು?"

"ಯಾವತ್ತೂ ಬಿಚ್ಚಾಕಾಗಲ್ವಾ?"

"ಇಬ್ಬರೂ ಒಟ್ಟಿಗೆ ತರೀಕೆರೆ ತಾಲ್ಲೂಕು ಕಚೇರಿಗೆ ಬಂದು ಹೆಬ್ಬೆಟ್ಟು ಒತ್ತಿದ್ರೆ ಬಿಚ್ತಾರೆ. ಒಬ್ಬಳೇ ಬಂದ್ರೆ ಇಲ್ಲ."

ನನ್ನ ಕಣ್ಣೆದುರೇ ಕೆಂಪು ಅರಗು ಗಂಟಿನ ಮೇಲೆ ತೊಟ್ಟಿಕ್ಕಿತು.

ವಾಪಸು ಬಸ್ಸಿನಲ್ಲಿ ಕರಿಬಸಮ್ಮ ಪಕ್ಕದಲ್ಲೇ ಕುಳಿತಳು. ಅವಳಿಗೆ ಓದು ಬಾರದು, ನನಗೆ ಬಂದರೂ ಬಾರದ ಹಾಗೆ.

"ದಾರಿ ಬರ್ದವ್ರೇನಕ್ಕ?"

ಸುಳ್ಳು ಹೇಳುವುದು ನನಗೆ ಉಗುರು ಕತ್ತರಿಸಿದಷ್ಟು ಸಲೀಸು. ಆವತ್ತು ಬಾಯಿಗೆ ಬರಲಿಲ್ಲ. "ಇಲ್ಲ ಕಣೇ. ನಾನೇ ಅಳಿಸ್ದೆ" ಎಂದೆ.

ಅವಳು ಎದ್ದು ಹಿಂದಿನ ಸೀಟಿಗೆ ಹೋದಳು.

ಮರುದಿನದಿಂದ ಅವಳು ಮೈಲಿ ದೂರದ ಕೆರೆಗೆ ಬಿಂದಿಗೆ ಹೊತ್ತಳು. ಮೂರು ದಿನ ನೋಡಿದೆ. ನಾಲ್ಕನೇ ದಿನ ನಾನೇ ಒಂದು ಬಿಂದಿಗೆ ಸೇದಿ, ಬದುವಿನ ಮೇಲೆ ನಡೆದು, ಅವಳ ಹೊಸಿಲಲ್ಲಿ ಇಳಿಸಿದೆ.

"ಕಾಗದ್ದಲ್ಲಿ ಇಲ್ದಿರೋ ದಾರೀಲಿ ಬಂದಿದೀಯ. ಹಿಡ್ಕೊಂಡು ಹೋದಾರು" ಎಂದಳು, ಮುಖ ನೋಡದೆ.

"ಕಾಗದ ಕಟ್ಟಾಕವ್ರೆ ಕಣೇ. ನನ್ ಕಾಲು ಕಟ್ಟಾಕಿಲ್ವಲ್ಲ. ನಡಿ, ತರೀಕೆರೆಗೆ ಹೋಗಿ ಬಿಚ್ಚಿಸ್ಕೊಂಡು ಬರಾಣ."

"ಮುಂದಿನ್ವಾರ ನೋಡಾಣ."

ಮುಂದಿನ ವಾರವೂ ಅದೇ ಮಾತು. ಯುಗಾದಿ ಕಳೆಯಿತು, ದೀಪಾವಳಿ ಕಳೆಯಿತು. ದಿನಾ ಬೆಳಿಗ್ಗೆ ನನ್ನ ಬಿಂದಿಗೆ ಅವಳ ಹೊಸಿಲು ಮುಟ್ಟುತ್ತಿತ್ತು. ಅವಳು ಕಾಫಿ ಕೊಡುತ್ತಿದ್ದಳು, ನಾನು ಅದಕ್ಕೆ ಹೆಸರಿಡುತ್ತಿದ್ದೆ. ಮಂಜಿನಲ್ಲಿ ಆ ಬದು ಎಲ್ಲಿಂದಲೋ ಎಲ್ಲಿಗೋ ತೇಲುತ್ತಿರುವಂತೆ ಕಾಣುತ್ತಿತ್ತು. ನಾನು ನಡೆಯುತ್ತಿದ್ದೇನೋ, ಬಾವಿಯೇ ನನ್ನನ್ನು ಹೊತ್ತು ನಡೆಯುತ್ತಿದೆಯೋ ತಿಳಿಯುತ್ತಿರಲಿಲ್ಲ.

"ನಾಳೆ ನಾನ್ ಸತ್ರೆ, ಬಂದೋರು ಬೇಲಿ ಹಾಕಿದ್ರೆ ಏನ್ಮಾಡ್ತೀಯೇ?" ಎಂದು ಒಮ್ಮೆ ಕೇಳಿದೆ.

"ದಾರಿ ಬರ್ಸಿದ್ರೆ ನಾನೇ ನೀರಿಗೆ ಬರ್ಬೇಕು. ಆಮೇಲೆ ನೀನು ಈ ಕಡೆ ಯಾಕೆ ಬಂದೀಯ?" ಎಂದಳು, ಒಲೆ ಊದುತ್ತಾ.

ಹೀಗೆ ಆರು ವರ್ಷ. ಎಂಬತ್ತೆರಡರಲ್ಲಿ ಒಂದು ಬೆಳಿಗ್ಗೆ ನನ್ನ ಮಂಡಿ ಎಮ್ಮೆಯ ತಲೆಯಷ್ಟು ಊದಿತು. ಏಳಲಾಗಲಿಲ್ಲ. ಹೊತ್ತು ಏರಿತು. ಬಾವಿಯಲ್ಲಿ ರಾಟೆ ಕಿರ್ರೆಂದಿತು. ಕನಸೆಂದುಕೊಂಡೆ. ಕರಿಬಸಮ್ಮ ಒಳಗೆ ಬಂದು ನನ್ನ ಒಲೆಯ ಪಕ್ಕ ಬಿಂದಿಗೆ ಇಳಿಸಿದಳು. ಊರಿಗೆ ಹೋಗುವ ಸೀರೆ ಉಟ್ಟಿದ್ದಳು.

"ಏಳಕ್ಕ. ತರೀಕೆರೆ ಬಸ್ಸು ಬರೋ ಹೊತ್ತಾಯ್ತು."

"ಈಗ್ಯಾಕೇ?"

"ಇನ್ಮೇಲೆ ನಾನು ಬರೋ ಸರದಿ. ದಾರಿ ಬೇಕಲ್ಲ."

ಅವಳ ಹೆಗಲು ಹಿಡಿದು ಹೊರಟೆ. ತರೀಕೆರೆಯಲ್ಲಿ ಇಬ್ಬರ ಹೆಬ್ಬೆಟ್ಟನ್ನೂ ಒತ್ತಿಸಿಕೊಂಡು ಗುಮಾಸ್ತ ಅರಗು ಒಡೆದ. ನನ್ನ ಹಾಳೆಯನ್ನು ಕಿಟಕಿಯ ಬೆಳಕಿಗೆ ಓರೆಯಾಗಿ ಹಿಡಿದು, "ಇಲ್ಲೇನೋ ಮುಂಚೆ ಬರ್ದಿದ್ರಲ್ಲ?" ಎಂದ. ಶಾನುಭೋಗರು ಒತ್ತಿ ಬರೆಯುವವರು. ರಬ್ಬರು ಉಜ್ಜಿದ್ದರೂ ಕಾಗದದಲ್ಲಿ ಆ ನಾಲ್ಕು ಅಡಿಯ ದಾರಿ ತಗ್ಗಾಗಿ ಹಾಗೇ ಬಿದ್ದಿತ್ತು, ನಾನು ತುಳಿದ ಬದುವಿನಂತೆ. ಗುಮಾಸ್ತ ಅದೇ ಗುಳಿಯ ಮೇಲೆ ಸೀಸದಕಡ್ಡಿ ಎಳೆದ.

"ಸ್ವಲ್ಪ ತಡೀರಿ ಸ್ವಾಮಿ," ಎಂದೆ. "ಶಾಯಿ ಹಾಕೋ ಮುಂಚೆ ಒಂದ್ಸಲ ಜೋರಾಗಿ ಓದಿ. ಇವ್ಳು ಕೇಳಿಸ್ಕೊಳ್ಲಿ."