ಹೊಸನೀರಿಗೆ ಹತ್ತಿದ ಮೀನು

"ಅಡ್ಡ ನಿಂತ್ಕೋಬೇಡ ಕಣವ್ವ, ಮೀನು ಎದ್ರಿ ವಾಪಸ್ ಓಯ್ತವೆ!" ಹಳ್ಳದ ನಡುವಿನಿಂದ ನಟರಾಜು ಕೂಗಿದ. ರೇಷ್ಮೆ ಹುಳ ಗೂಡು ಕಟ್ಟುವ ಬಿದಿರಿನ ಚಂದ್ರಂಕಿಗಳನ್ನು ಮನೆಯಿಂದ ಹೊತ್ತು ತಂದು ಅವನು ನೀರಿಗೆ ಅಡ್ಡಲಾಗಿ ನಿಲ್ಲಿಸಿದ್ದ. ಅದರಾಚೆ, ಹುಳಕ್ಕೆ ಊಜಿ ನೊಣ ಮುತ್ತದಂತೆ ಕಟ್ಟುವ ನೈಲಾನ್ ಪರದೆಗಳನ್ನು ಹಿಡಿದು ಊರಿಗೆ ಊರೇ ಸೊಂಟದುದ್ದ ನೀರಿನಲ್ಲಿ ನಿಂತಿತ್ತು. ನೊಣ ತೂರದ ಪರದೆಯಲ್ಲಿ ಮೀನು ತೂರುತ್ತದೆಯೇ?

ಅಡ್ಡ ನಿಂತಿದ್ದ ಬೆಸ್ತರ ಲತಾಮಣಿ ಕದಲಲಿಲ್ಲ. ಮೊದಲ ಮಳೆಯ ಹೊಸನೀರು ಬಂದ ಕೂಡಲೇ ಕೆರೆಯ ಗೆಂಡೆ ಮೀನುಗಳು ಮೊಟ್ಟೆಯಿಡಲು ಹಳ್ಳ ಹತ್ತುತ್ತವೆ. ಆಗ ಬಿಟ್ಟರೆ ವರ್ಷವಿಡೀ ಕೆರೆಯಲ್ಲಿ ಮೀನು, ಹಿಡಿದರೆ ಬರೀ ನೀರು. ಹೋದ ವರ್ಷ ಕೆರೆಯಲ್ಲಿ ಮೀನೇ ಸಿಗದೆ, ಚನ್ನಪಟ್ಟಣದ ಸಂತೆಯಿಂದ ಬುಟ್ಟಿ ತೊಳೆಯುವ ಕೆಲಸವೂ ಇಲ್ಲದಂತೆ ಬರಿಗೈಲಿ ಮರಳಿದವಳು ಅವಳು. ಅದಕ್ಕೇ ಈ ಸಲ ಬೆಸ್ತರ ಬೀದಿಯ ಮನೆಮನೆಗೂ ಹೋಗಿ, ಬೈಸಿಕೊಂಡು, ಬೇಡಿಕೊಂಡು, ಮೀನು ಮರಿ ಮಾಡುವವರೆಗೆ ಬಲೆ ಇಳಿಸುವುದಿಲ್ಲವೆಂದು ಎಲ್ಲರನ್ನೂ ಒಪ್ಪಿಸಿದ್ದಳು. ತೊಲೆಗೆ ನೇತುಹಾಕಿದ ಒಂದೊಂದು ಬಲೆಗೂ ಆ ಮಾತಿನ ಗುರುತಿಗೆ ಅರಿಶಿನದ ಬಟ್ಟೆ ಕಟ್ಟಿದ್ದು ಅವಳೇ. ಬೆಸ್ತರನ್ನು ಕಟ್ಟಿಹಾಕಿದರೆ ಸಾಕು ಅಂದುಕೊಂಡಿದ್ದಳು, ಪಾಪ. ಹುಳ ಸಾಕುವವರ ಪರದೆ ಅವಳ ನೆನಪಿಗೇ ಬಂದಿರಲಿಲ್ಲ.

"ಒಸಿ ಕೇಳಿ ನಟರಾಜಣ್ಣ, ಒಟ್ಟೆ ತುಂಬ ಮೊಟ್ಟೆ ಅವೆ ಅವ್ಕೆ. ಒಂದ್ವಾರ ಬುಟ್ಬುಡಿ."

"ಮೊಟ್ಟೆ ಇದ್ರೇನೇ ರುಚಿ ಕಣವ್ವ!" ಸುತ್ತಲಿನವರು ನಕ್ಕರು. "ನೀವು ವರ್ಸಪೂರ್ತಿ ಇಡೀತೀರ. ನಾವು ಒಂದಿನ ಇಡುದ್ರೆ ತಪ್ಪಾ?"

 

ಅವಳ ಹಿಂದಿನಿಂದ ಗಂಡ ಸ್ವಾಮಿ ಬಂದ. ಹೆಗಲ ಮೇಲೆ ಬಲೆ. ಅವನ ಹಿಂದೆ ಬೆಸ್ತರ ಬೀದಿಯ ಉಳಿದವರು, ಅವರ ಹೆಗಲ ಮೇಲೂ ಬಲೆ.

"ನೀನೂನಾ?"

"ಇನ್ಯಾರ್ಗೆ ಅಂತ ಬುಡಾನ ಮಣಿ? ಸಂಜೆಗೆ ಇಲ್ಲಿ ಕಪ್ಪೆನೂ ಇರಕಿಲ್ಲ."

ಅವನ ದನಿಯಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದರೆ ಜಗಳವಾದರೂ ಆಡಬಹುದಿತ್ತು. ಅವಳು ದಾರಿ ಬಿಟ್ಟಳು.

ಮಧ್ಯಾಹ್ನದ ಹೊತ್ತಿಗೆ ಹಳ್ಳದಲ್ಲಿ ಕೆನ್ನೀರು ಮಾತ್ರ ಉಳಿದಿತ್ತು. ಹಿಡಿದದ್ದನ್ನು ಹೆಚ್ಚಿಕೊಡುವವರು ಬೇಕಲ್ಲ, ಲತಾಮಣಿ ದಂಡೆಯ ಮೇಲೆ ಈಳಿಗೆಮಣೆ ಹಾಕಿ ಕೂತಳು. ನಟರಾಜುವಿನ ಹೆಂಡತಿ ಭಾನುಪ್ರಿಯ ಪಾತ್ರೆ ಚಾಚಿ, "ಮೊಟ್ಟೆ ಬ್ಯಾರೆ ಆಕವ್ವ, ಮಕ್ಳು ಉರುದ್ಕೊಡು ಅಂತವೆ" ಎಂದಳು. ಲತಾಮಣಿ ಬೇರೆ ಹಾಕಿದಳು.

ಸ್ವಾಮಿ ಒದ್ದೆ ಬಲೆಯನ್ನು ತಂದು ಪಕ್ಕದಲ್ಲಿ ಕೆಡವಿದ. ಅವಸರದಲ್ಲಿ ಅದಕ್ಕೆ ಕಟ್ಟಿದ್ದ ಅರಿಶಿನದ ಬಟ್ಟೆಯನ್ನೂ ಬಿಚ್ಚಿರಲಿಲ್ಲ. ಅರಿಶಿನವೆಲ್ಲ ತೊಳೆದುಹೋಗಿ, ಗಂಟಿನ ಸುತ್ತ ಸಾಸಿವೆಯಷ್ಟು ಮೊಟ್ಟೆಗಳು ಅಂಟಿಕೊಂಡಿದ್ದವು. ಲತಾಮಣಿ ಗಂಟು ಬಿಚ್ಚಿ, ಬಟ್ಟೆಯನ್ನು ಅಂಗೈಯಲ್ಲಿ ಎತ್ತಿಕೊಂಡು ಹಳ್ಳಕ್ಕಿಳಿದು, ಮುಳುಗಿದ್ದ ಒಂದು ಕಲ್ಲಿನ ಸಂದಿಗೆ ಸಿಕ್ಕಿಸಿದಳು.

"ಬಿರ್ನೆ ಬಾರವ್ವ, ಜನ ಕಾಯ್ತಾವ್ರೆ!" ದಂಡೆಯಿಂದ ಯಾರೋ ಕೂಗಿದರು.

ಅವಳು ಬಂದು ಮತ್ತೆ ಈಳಿಗೆಮಣೆಯ ಮುಂದೆ ಕೂತಳು. ಮಳೆ ನಿಂತಿತ್ತು, ಹಳ್ಳದ ನೀರು ಇಳಿಯುತ್ತಿತ್ತು. ಸ್ವಲ್ಪ ಹೊತ್ತಿಗೆ ಕಲ್ಲಿನ ನೆತ್ತಿ ಕಂಡಿತು. ಆಮೇಲೆ ಬಟ್ಟೆಯ ತುದಿ.